ರೋಸಿ, ಕೆಂಪಿ ಒಂದೇ ಗೂಡಲ್ಲೇ ಇರ್ತವೆ

ಕೊತ್ತಂಬರಿ ಸೊಪ್ಪು ಬಿಡಿಸುವಾಗ ನನಗೊಂದು ಚಾಳಿ ಇದೆ. ಎಲೆ ಪಾತ್ರೆಗೆ, ದಂಟು ಪಕ್ಕಕ್ಕೆ. ಆ ದಂಟನ್ನೂ ಒಂದೇ ಗುಡ್ಡೆ ಮಾಡುವುದಿಲ್ಲ, ಎರಡು ಮಾಡುತ್ತೇನೆ, ಸಮಸಮವಾಗಿ. ಒಂದರಲ್ಲಿ ನಾಲ್ಕು ಕಡ್ಡಿ ಹೆಚ್ಚಾಯಿತು ಅನಿಸಿದರೆ ಎತ್ತಿ ಇನ್ನೊಂದಕ್ಕೆ ಹಾಕುತ್ತೇನೆ. ಈ ಸಲದ ಆಯುಧಪೂಜೆಗೆ ಫ್ಯಾಕ್ಟರಿಯಲ್ಲಿ ನಾವೆಲ್ಲ ಸೇರಿ ಪಲಾವ್ ಮಾಡಿದಾಗಲೂ ಕೈ ತನ್ನ ಪಾಡಿಗೆ ತಾನು ಎರಡು ಗುಡ್ಡೆ ಮಾಡಿಟ್ಟಿತ್ತು. ಪಕ್ಕದಲ್ಲಿ ಈರುಳ್ಳಿ ಹೆಚ್ಚುತ್ತಿದ್ದವಳು, ಇದೇನಕ್ಕಾ ದಂಟಿಗೂ ಇನ್ಸ್‌ಪೆಕ್ಷನ್ನಾ ಅಂತ ನಕ್ಕಳು. ನಗಲಿ. ಈ ಚಾಳಿಯನ್ನು ನಾನು ಬಿಡುವವಳಲ್ಲ. ಇದರ ಹಿಂದೆ ನಾನು ಹಟ ಹಿಡಿದು ಗೆದ್ದ ಒಂದು ಸಂಗತಿ ಇದೆ. ಗೆದ್ದಿದ್ದನ್ನು ಯಾರಾದರೂ ಮುಚ್ಚಿಡುತ್ತಾರಾ, ನೀವೇ ಹೇಳಿ.

ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಇನ್ಸ್‌ಪೆಕ್ಷನ್ ಟೇಬಲ್ಲಿಗೆ ಕೂರುವವಳು. ಲೇತಿನಿಂದ ಬರುವ ಪಿನ್ನುಗಳನ್ನು ಒಂದೊಂದಾಗಿ ಗೇಜಿಗೆ ತೂರಿಸಿ ನೋಡುವುದು, ಅಳತೆ ಸರಿ ಇದ್ದರೆ ಹಸಿರು ಕ್ರೇಟು, ಇಲ್ಲದಿದ್ದರೆ ಕೆಂಪು ಕ್ರೇಟು. ಹೊಂದದೆ ಇರುವುದನ್ನು ಎತ್ತಿ ಪಕ್ಕಕ್ಕಿಡುವುದೇ ಇಷ್ಟು ವರ್ಷದ ನನ್ನ ಕಸುಬು. ಮನೆಯಲ್ಲಿ ಮಾತ್ರ ಆ ಕಸುಬು ನಡೆಯಲಿಲ್ಲ, ನಡೆಸಲೂ ಇಲ್ಲ.

ಮನೆ ಇರುವುದು ಬಾಗಲಗುಂಟೆಯ ಒಂದು ಗಲ್ಲಿಯಲ್ಲಿ, ಎರಡನೇ ಮಹಡಿ, ಅದರ ಮೇಲೆ ತಾರಸಿ. ಇರುವವರು ಇಬ್ಬರೇ, ನಾನು ಮತ್ತು ನಮ್ಮತ್ತೆ ತಾಯಮ್ಮ. ನಮಗೆ ಮಕ್ಕಳಾಗಲಿಲ್ಲ. ಯಜಮಾನರು ನಾಲ್ಕು ವರ್ಷದ ಹಿಂದೆ ಎದೆನೋವು ಬಂದು, ಆಸ್ಪತ್ರೆ ಸೇರುವ ಮೊದಲೇ ಹೋಗಿಬಿಟ್ಟರು. ಹನ್ನೊಂದನೇ ದಿನದ ಊಟ ಮುಗಿದು ಎಲೆ ಎತ್ತುವಷ್ಟರಲ್ಲಿ ನೆಂಟರ ನಡುವೆ ಮಾತು ಶುರುವಾಗಿತ್ತು, ಇನ್ನು ಮುದುಕಿಯನ್ನು ಯಾರು ಕರೆದುಕೊಂಡು ಹೋಗುವುದು ಅಂತ. ಮಗನೇ ಇಲ್ಲದ ಮೇಲೆ ಸೊಸೆ ಮನೆಯಲ್ಲಿ ಅತ್ತೆಗೇನು ಕೆಲಸ ಎಂದರು ಒಬ್ಬರು. ಮಧ್ಯೆ ಗಂಡಸು ಅಂತ ಒಬ್ಬ ಇಲ್ಲದಿದ್ದರೆ ಇಬ್ಬರು ಹೆಂಗಸರು ಒಂದು ಅಡುಗೆಮನೆಯಲ್ಲಿ ಮೂರು ತಿಂಗಳೂ ಬಾಳಲ್ಲ ಎಂದರು ಇನ್ನೊಬ್ಬರು. ನನ್ನ ಮೈದುನ ರಮೇಶ, ಅತ್ತಿಬೆಲೆಯಲ್ಲಿ ಗ್ರಿಲ್ ಕೆಲಸದ ಶೆಡ್ ಇಟ್ಟುಕೊಂಡು ಸ್ವಂತ ಮನೆ ಕಟ್ಟಿಸಿಕೊಂಡಿರುವವನು, ನಾನು ಕರ್ಕೊಂಡು ಹೋಗ್ತೀನಿ ಎಂದ. ಒಳ್ಳೆಯವನೇ ಅವನು, ತಾಯಿ ಮೇಲಿನ ಪ್ರೀತಿಗೇ ಹೇಳಿದ. ಆದರೆ ಅತ್ತೆಯನ್ನು ಯಾರೂ ಕೇಳಲಿಲ್ಲ. ಅವರು ಮೂಲೆಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡು, ಯುಗಾದಿ ಕಳೀಲಿ ನೋಡಾಣ ಎಂದರು. ಆ ಯುಗಾದಿ ಕಳೆಯಿತು, ಅದರ ಮುಂದಿನದೂ ಕಳೆಯಿತು. ಅವರು ಹೋಗಲಿಲ್ಲ, ನಾನು ಕಳಿಸಲಿಲ್ಲ.

ಇದನ್ನು ಕೇಳಿ ನಾವಿಬ್ಬರೂ ತಾಯಿ ಮಗಳ ಥರ ಇದ್ದೆವು ಅಂದುಕೊಳ್ಳಬೇಡಿ. ನಾನು ತೊಳೆದಿಟ್ಟ ಪಾತ್ರೆಯನ್ನು ಅವರು ಮತ್ತೆ ತೊಳೆಯುತ್ತಿದ್ದರು. ಅವರು ಮಡಿಚಿಟ್ಟ ಬಟ್ಟೆಯನ್ನು ನಾನು ಬಿಡಿಸಿ ಮತ್ತೆ ಮಡಿಚುತ್ತಿದ್ದೆ. ನಾನು ಮಾಡಿದ ಮುದ್ದೆ ಮೆತ್ತಗೆ ಅಂತ ಅವರು, ಅವರು ಮಾಡಿದ ಮುದ್ದೆ ಎಸೆದರೆ ಗೋಡೆ ಬೀಳುತ್ತೆ ಅಂತ ನಾನು. ಮಾತು ಬಿಟ್ಟ ದಿನಗಳಲ್ಲಿ ಇಬ್ಬರೂ ಟೀವಿಗೆ ಹೇಳುತ್ತಿದ್ದೆವು. "ಗ್ಯಾಸ್ ಮುಗ್ದೈತೆ," ಎಂದು ಅವರು ಟೀವಿಗೆ ಹೇಳುವರು. ಬುಕ್ ಮಾಡಿದೀನಿ ಎಂದು ನಾನೂ ಟೀವಿಗೇ ಹೇಳುವೆ. ಧಾರಾವಾಹಿಯವರು ಪಾಪ ತಮ್ಮ ಪಾಡಿಗೆ ತಾವು ಅಳುತ್ತಿರುತ್ತಿದ್ದರು.

ಇಂಥ ಮನೆಗೆ ರೋಸಿ ಬಂದಳು. ರೋಸಿ ಅಂದರೆ ಗಿನಿ ಪಿಗ್. ಬಿಳಿ ಮೈ, ಬೆನ್ನ ಮೇಲೆ ಕಪ್ಪು ಪಟ್ಟೆ, ಬಾಲ ಇಲ್ಲ, ಅಂಗೈ ಎರಡು ಜೋಡಿಸಿದರೆ ಅದರಲ್ಲಿ ಕೂರುವಷ್ಟು. ನನ್ನ ಜೊತೆ ಟೇಬಲ್ಲಿನಲ್ಲಿ ಕೂರುತ್ತಿದ್ದ ಫಿಲೋಮಿನಾ ಕೆಲಸ ಬಿಟ್ಟು ಮಗಳ ಮನೆಗೆ ಹೊರಟಾಗ, ಅಲ್ಲಿ ಬೆಕ್ಕು ಇದೆ, ಇದನ್ನ ತಿಂದೇ ಹಾಕುತ್ತೆ, ನೀನೇ ಇಟ್ಟುಕೋ ಎಂದು ಗೂಡಿನ ಸಮೇತ ಕೊಟ್ಟಳು. ಆಟೋದಲ್ಲಿ ತೊಡೆ ಮೇಲಿಟ್ಟುಕೊಂಡು ತಂದೆ. ಅತ್ತೆ ಬಾಗಿಲಲ್ಲೇ ನಿಂತು ನೋಡಿದರು. ಅವರು ಮಾಗಡಿ ಕಡೆ ಹಳ್ಳಿಯವರು, ಇಲಿ ಹೆಗ್ಗಣ ಹೊಡೆದು ರಾಗಿ ಉಳಿಸಿಕೊಂಡ ವಂಶ. ಎಗ್ಗಣಾನ ಆಟೋದಾಗೆ ಕರ್ಕೊಂಡು ಬಂದೆಯಲ್ಲ ತಾಯಿ ಎಂದರು. ನಾನು ಫ್ಯಾಕ್ಟರಿಗೆ ಹೋದ ಮೇಲೆ ಅದಕ್ಕೆ ಯಾರು ಕ್ಯಾರೆಟ್ಟು ಸಿಪ್ಪೆ ಹಾಕುತ್ತಿದ್ದರು ಎಂಬುದನ್ನು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಎರಡು ತಿಂಗಳಾದ ಮೇಲೆ ರೋಸಿ ಮಂಕಾದಳು. ಮೂಲೆ ಬಿಟ್ಟು ಏಳುತ್ತಿರಲಿಲ್ಲ. ಪ್ರಾಣಿಗಳ ಡಾಕ್ಟರಮ್ಮನ ಹತ್ತಿರ ಹೋದೆ. ಅವರು ಹಲ್ಲು, ಹೊಟ್ಟೆ ಎಲ್ಲ ನೋಡಿ, ಕಾಯಿಲೆ ಏನಿಲ್ಲ, ಇವು ಗುಂಪಿನಲ್ಲಿ ಬದುಕುವ ಜೀವ, ಒಂಟಿಯಾಗಿದ್ದರೆ ಹೀಗೇ ಸೊರಗುತ್ತವೆ, ಇನ್ನೊಂದು ಹೆಣ್ಣನ್ನು ತನ್ನಿ ಎಂದರು. ನಿಧಾನಕ್ಕೆ ಪರಿಚಯ ಮಾಡಿಸಿ ಅಂತಲೂ ಹೇಳಿದರು. ಆ ನಿಧಾನ ಎಂಬ ಮಾತು ನನ್ನ ಕಿವಿಗೆ ಬಿದ್ದಿತು, ತಲೆಗೆ ಹೋಗಲಿಲ್ಲ.

ಮೇನ್ ರೋಡಿನ ಅಂಗಡಿಯಲ್ಲಿ ಕೆಂಚು ಬಣ್ಣದ ಒಂದು ಸಣ್ಣದನ್ನು ಆರಿಸಿದೆ. ಅಂಗಡಿಯವನು, ಮನೆಯಲ್ಲಿರೋದೂ ಫೀಮೇಲಾ ಮೇಡಂ, ಹಂಗಾದ್ರೆ ಬೇಡ, ಎರಡು ಹೆಣ್ಣು ಸೇರಲ್ಲ ಎಂದ. ನೀನು ಕೊಡಪ್ಪ, ಸೇರಿಸೋದು ನನಗೆ ಬಿಡು ಎಂದು ಜಂಬ ಕೊಚ್ಚಿಕೊಂಡು ತಂದೆ. ತಂದವಳೇ ಮಾಡಿದ್ದೇನು ಗೊತ್ತಾ? ರೋಸಿಯ ಗೂಡಿನ ಬಾಗಿಲು ತೆಗೆದು ಹೊಸದನ್ನು ಒಳಗೆ ಬಿಟ್ಟು, ಕಾಫಿ ಇಡಲು ಹೋದೆ. ಹಾಲು ಉಕ್ಕುವ ಮೊದಲೇ ಕಿರುಚಾಟ. ಓಡಿ ಬಂದು ನೋಡಿದರೆ ಎರಡೂ ಉಂಡೆಯಾಗಿ ಉರುಳುತ್ತಿವೆ, ಗೂಡಿನ ತುಂಬ ಕೂದಲು, ಹೊಸದರ ಕಿವಿಯಲ್ಲಿ ರಕ್ತ. ಬಿಡಿಸಲು ಕೈ ಹಾಕಿದೆ. ಯಾವುದು ಕಚ್ಚಿತೋ ತಿಳಿಯದು, ಹೆಬ್ಬೆರಳು ಸೀಳಿಕೊಂಡಿತು.

ಮಾರನೇ ದಿನ ಫ್ಯಾಕ್ಟರಿಯಲ್ಲಿ ಬೆರಳಿಗೆ ಪಟ್ಟಿ ಕಂಡು, ಇಂಜೆಕ್ಷನ್ ಹಾಕಿಸಲೇಬೇಕು ಎಂದು ಆಫೀಸಿಗೆ ಕಳಿಸಿದರು. ಅಲ್ಲಿಯವರು ಏನು ಕಚ್ಚಿದ್ದು ಎಂದರು. ಗಿನಿ ಪಿಗ್ ಎಂದೆ. ಗಿನಿ ಅಂದರೆ ಏನೆಂದು ಅವರಿಗೆ ತಿಳಿಯಲಿಲ್ಲ, ಪಿಗ್ ತಿಳಿಯಿತು. ರಿಜಿಸ್ಟರಿನಲ್ಲಿ ಹಂದಿ ಕಡಿತ ಎಂದು ಬರೆದರು. ಊಟದ ಹೊತ್ತಿಗೆ ಅದು ಲೇತಿನ ಸಾಲು ದಾಟಿ ಸ್ಟೋರ್ಸ್ ತನಕ ಹೋಗಿತ್ತು. ಅಕ್ಕಾ, ಬಾಗಲಗುಂಟೇಲಿ ಕಾಡುಹಂದಿ ಬಂದಿದೆಯಂತೆ ಎಂದು ಒಬ್ಬ ನನ್ನನ್ನೇ ಬಂದು ಕೇಳಿದ.

ನಗುವುದು ನಕ್ಕರು, ಆಮೇಲೆ ಉಪದೇಶ ಶುರು. ವಾಪಸ್ ಕೊಟ್ಟುಬಿಡು. ಎರಡೂ ಹೆಣ್ಣಲ್ವಾ, ಗೊತ್ತಿರೋದೇ. ಹೆಂಗಸರ ಜಡೆಯ ಮೇಲೆ ಒಂದು ಮಾತಿದೆಯಲ್ಲ, ನಿಮಗೂ ಗೊತ್ತು, ಅದನ್ನು ಆ ವಾರ ನನಗೆ ಆರೇಳು ಜನ ಹೇಳಿದರು. ಹೇಳಿದವರಲ್ಲಿ ಹೆಂಗಸರೂ ಇದ್ದರು. ಆ ಮಾತನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದು ಬರೆದೇ ಅದು ಇಷ್ಟು ಕೊಬ್ಬಿರುವುದು.

ನಾನು ಹುಟ್ಟಿ ಬೆಳೆದಿದ್ದು ಪೀಣ್ಯದ ಹತ್ತಿರದ ಒಂದು ವಠಾರದಲ್ಲಿ. ಆರು ಮನೆ, ಒಂದು ನಲ್ಲಿ. ನಮ್ಮಮ್ಮ ಮತ್ತು ಎದುರುಮನೆ ಪಾರ್ವತಕ್ಕ ನಲ್ಲಿಯ ಹತ್ತಿರ ಬಿಂದಿಗೆ ಇಟ್ಟರೆ ಸಾಕು, ಬೆಳಗಾಯಿತು ಅಂತ ನಮಗೆಲ್ಲ ಗೊತ್ತಾಗುತ್ತಿತ್ತು. ಆ ಮಟ್ಟದ ಜಗಳ. ಅದೇ ಪಾರ್ವತಕ್ಕ, ನಮ್ಮಮ್ಮನಿಗೆ ಟೈಫಾಯ್ಡ್ ಬಂದಾಗ ಹದಿನೈದು ದಿನ ನಮಗೆ ಜಡೆ ಹಾಕಿ ಸ್ಕೂಲಿಗೆ ಕಳಿಸಿದಳು. ಜಡೆ ಎಷ್ಟು ಬಿಗಿ ಅಂದರೆ ಹುಬ್ಬು ಮೇಲಕ್ಕೆ ಎದ್ದಿರುತ್ತಿತ್ತು. ಅಮ್ಮ ಎದ್ದು ಓಡಾಡಲು ಶುರು ಮಾಡಿದ ದಿನವೇ ನಲ್ಲಿಯ ಹತ್ತಿರ ಮತ್ತೆ ಬಿಂದಿಗೆ ಸದ್ದು. ಆದರೆ ನಮ್ಮಪ್ಪ? ಅಪ್ಪನೂ ಚಿಕ್ಕಪ್ಪನೂ ಒಂದು ಸೈಕಲ್ಲಿನ ವಿಷಯಕ್ಕೆ ಮಾತು ಬಿಟ್ಟವರು ಹದಿನಾಲ್ಕು ವರ್ಷ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಒಂದೇ ಶಿಫ್ಟಿನಲ್ಲಿ, ಒಂದೇ ಗೇಟಿನಲ್ಲಿ ಹೋಗಿ ಬರುತ್ತಿದ್ದವರು. ಸೈಕಲ್ಲು ತುಕ್ಕು ಹಿಡಿದು ಗುಜರಿಗೆ ಹೋದ ಮೇಲೂ ಜಗಳ ಇತ್ತು. ಎರಡು ಮೀಸೆ ಸೇರಲ್ಲ ಅಂತ ಯಾರಾದರೂ ಮಾತು ಕಟ್ಟಿದರಾ? ಇಲ್ಲ. ಅದನ್ನೆಲ್ಲ ನೆನೆಸಿಕೊಂಡಷ್ಟೂ ನನಗೆ ಹಟ ಏರಿತು. ಏನಾದರಾಗಲಿ, ಈ ಎರಡನ್ನೂ ಒಂದೇ ಗೂಡಿನಲ್ಲಿ ಇರಿಸಿಯೇ ತೀರುತ್ತೇನೆ ಎಂದುಕೊಂಡೆ.

ಹಟ ಇತ್ತು, ದಾರಿ ಗೊತ್ತಿರಲಿಲ್ಲ. ದಾರಿ ತೋರಿಸಿದ್ದು ಅತ್ತೆ. ಕಿವಿ ಹರಿದ ಹೊಸದನ್ನು ಹಳೇ ತರಕಾರಿ ಬುಟ್ಟಿಯಲ್ಲಿ ಬೇರೆ ಇಟ್ಟಿದ್ದೆ. ಅತ್ತೆ ಅದನ್ನು ಮಡಿಲಲ್ಲಿ ಕೂರಿಸಿಕೊಂಡು ಅರಿಶಿನ ಹಚ್ಚಲು ಹೊರಟಿದ್ದರು. ಬೇಡ, ಡಾಕ್ಟರಮ್ಮ ಮುಲಾಮು ಕೊಟ್ಟಿದ್ದಾರೆ ಎಂದೆ. ಮುಲಾಮು ಹಚ್ಚುತ್ತಲೇ ಅವರು, ಅಸು ಸಾಕ್ದೋರು ಯಾರೂ ಇಂಗೆ ಮಾಡಲ್ಲ ಕಣಮ್ಮಿ ಎಂದು ಬೈದರು. ಹೊಸ ಹಸು ತಂದರೆ ಮೊದಲ ದಿನವೇ ಹಳೆಯದರ ಪಕ್ಕ ಕಟ್ಟುತ್ತಾರಾ? ಒಂದನ್ನೊಂದು ನೋಡಬೇಕು, ಆದರೆ ಕೊಂಬು ತಾಗಬಾರದು, ಅಷ್ಟು ದೂರ ಕಟ್ಟಬೇಕು. ಹಳೆಯದರ ಮೈ ಒರೆಸಿದ ಗೋಣಿತಾಟಿನಲ್ಲೇ ಹೊಸದರ ಮೈ ಒರೆಸಬೇಕು. ವಾಸನೆ ಒಂದಾದ ಮೇಲೆ ಮೇವು ಒಂದು ಮಾಡಬೇಕು. ಇಷ್ಟು ಹೇಳಿ, ಮಡಿಲಲ್ಲಿದ್ದದ್ದರ ಬೆನ್ನು ಸವರಿ, ಇದು ನಮ್ ಕೆಂಪಿ ಥರಾನೇ ಐತೆ ಎಂದರು. ಕೆಂಪಿ ಅವರ ತವರಿನ ಹಸು. ಅವತ್ತಿಂದ ಇದಕ್ಕೂ ಅದೇ ಹೆಸರು.

ಡಾಕ್ಟರಮ್ಮ ಹೇಳಿದ್ದೂ ಹೆಚ್ಚುಕಮ್ಮಿ ಅದನ್ನೇ ಎಂದು ಆಗ ನೆನಪಾಯಿತು. ಗೂಡಿನ ಪಕ್ಕದಲ್ಲಿ ಬುಟ್ಟಿಗೆ ಬದಲು ಇನ್ನೊಂದು ಗೂಡು ಬಂತು, ನಡುವೆ ಗೇಣು ಜಾಗ. ದಿನ ಬಿಟ್ಟು ದಿನ ಇದರ ಹಾಸು ಅದಕ್ಕೆ, ಅದರ ಹಾಸು ಇದಕ್ಕೆ. ಒಂದೇ ಟವಲಿನಲ್ಲಿ ಇಬ್ಬರ ಮೈಯನ್ನೂ ಅತ್ತೆ ಒರೆಸುವರು. ಸೊಪ್ಪು, ಕೊತ್ತಂಬರಿ ದಂಟು ಏನಿದ್ದರೂ ಎರಡು ಸಮ ಗುಡ್ಡೆ ಮಾಡಿ ಎರಡು ಗೂಡಿನ ಜಾಲರಿಯ ಹತ್ತಿರ, ಎದುರು ಬದುರು ಇಡುವುದು. ಒಬ್ಬಳಿಗೆ ಹೆಚ್ಚಾಗಬಾರದು, ಹೆಚ್ಚಾದರೆ ಇನ್ನೊಬ್ಬಳು ಹಲ್ಲು ಕಟಕಟ ಎನ್ನಿಸುವಳು. ಅತ್ತೆ ಬೆಳಿಗ್ಗೆ ಹೊತ್ತು ಪಕ್ಕದ ಖಾಲಿ ಸೈಟಿಗೆ ಹೋಗಿ ಗರಿಕೆ ಕಿತ್ತು ತರುತ್ತಿದ್ದರು. ಎರಡು ಹೊರೆ. ಎಗ್ಗಣ ಎಂದವರು ಯಾರು ಎಂದು ನಾನು ಟೀವಿಗೆ ಕೇಳಿದೆ. ಟೀವಿಯೂ ಉತ್ತರ ಕೊಡಲಿಲ್ಲ.

ಈ ನಡುವೆ ಅತ್ತೆ ಫೋನಿನಲ್ಲಿ ರಮೇಶನಿಗೆ ನನ್ನ ಹಂದಿ ಕಡಿತದ ಕಥೆ ಹೇಳಿ ನಕ್ಕರು. ಅವನು ನಗಲಿಲ್ಲ. ಕಚ್ಚುವ ಪ್ರಾಣಿ, ಅಮ್ಮನ ವಯಸ್ಸು, ಅತ್ತಿಗೆ ಹಗಲೆಲ್ಲ ಡ್ಯೂಟಿಯಲ್ಲಿ, ಇದು ಸರಿಹೋಗಲ್ಲ ಎಂದ. ಮೇಲಿನ ರೂಮು ಸಿದ್ಧ ಮಾಡಿಸಿದ್ದೇನೆ, ಬರೋ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ ಕಾರು ತರುತ್ತೇನೆ ಎಂದ. ಅತ್ತೆ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ನಾನೂ ಅಷ್ಟೇ. ಹೋಗುವವರನ್ನು ತಡೆಯಲು ನಾನ್ಯಾರು ಎಂಬ ಬಿಗುಮಾನ ನನಗೆ. ಅವರಿಗೇನಿತ್ತೋ ಆಗ ನನಗೆ ತಿಳಿಯಲಿಲ್ಲ.

ಅವನು ಬರುವ ಭಾನುವಾರವೇ ರೋಸಿ ಕೆಂಪಿಯರನ್ನು ಸೇರಿಸುವ ದಿನವೂ ಆಯಿತು. ಬೇಕೆಂದೇ ಇಟ್ಟೆವೋ ಏನೋ, ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಬೆಳಿಗ್ಗೆ ಬಾಗಿಲ ಹಿಂದೆ ಅತ್ತೆಯ ಬ್ಯಾಗು ಕಂಡಿತು, ಜಿಪ್ ಎಳೆದು ಸಿದ್ಧವಾಗಿ. ಅದನ್ನು ಕಾಣದವಳಂತೆ ಗೂಡು ಎತ್ತಿಕೊಂಡು ತಾರಸಿಗೆ ನಡೆದೆ. ಅವರೂ ಇನ್ನೊಂದನ್ನು ಎತ್ತಿಕೊಂಡು ಹಿಂದೆ ಬಂದರು.

ಇಬ್ಬರದೂ ಅಲ್ಲದ ಜಾಗ ಆಗಬೇಕು ಎಂದಿದ್ದರು ಡಾಕ್ಟರಮ್ಮ. ನೀರಿನ ಟ್ಯಾಂಕಿನ ನೆರಳಲ್ಲಿ ಒಗೆದ ಬೆಡ್‌ಶೀಟ್ ಹಾಸಿ, ಸುತ್ತ ರಟ್ಟಿನ ಬೇಲಿ ಕಟ್ಟಿ, ಮಧ್ಯೆ ಗರಿಕೆಯ ದೊಡ್ಡ ರಾಶಿ ಹಾಕಿದೆವು. ಅಡಗಿಕೊಳ್ಳಲು ಎರಡು ಡಬ್ಬ, ಒಂದೊಂದಕ್ಕೂ ಎರಡೆರಡು ಬಾಗಿಲು, ಒಬ್ಬಳು ಇನ್ನೊಬ್ಬಳನ್ನು ಮೂಲೆಗೆ ಒತ್ತದ ಹಾಗೆ. ಎರಡನ್ನೂ ಬಿಡುತ್ತಿದ್ದಂತೆ ರಮೇಶ ಮೆಟ್ಟಿಲು ಹತ್ತಿ ಬಂದ. ಚಪ್ಪಲಿ ಬಿಟ್ಟು, ಕೈ ಕಟ್ಟಿಕೊಂಡು ನಿಂತ.

ರೋಸಿ ಹೊಟ್ಟೆಯೊಳಗೆ ಮಿಕ್ಸಿ ಇಟ್ಟುಕೊಂಡಂತೆ ಗುರ್ ಎನ್ನುತ್ತ, ಹಿಂಭಾಗ ಅಲ್ಲಾಡಿಸುತ್ತ ಕೆಂಪಿಯ ಸುತ್ತ ತಿರುಗಿದಳು. ಕೆಂಪಿ ಹಲ್ಲು ಕಟಕಟಿಸಿದಳು. ರೋಸಿ ನುಗ್ಗಿದಳು, ಕೆಂಪಿ ಓಡಿ ಡಬ್ಬ ಹೊಕ್ಕು ಆ ಕಡೆಯಿಂದ ಹೊರಟಳು. ಮತ್ತೆ ನುಗ್ಗಾಟ. ಒಂದು ಹಿಡಿ ಕೂದಲು ಹಾರಿತು.

"ಬಿಡ್ಸಿ ಅತ್ತಿಗೆ, ಸಾಯಿಸ್ಬಿಡ್ತವೆ," ಎಂದ ರಮೇಶ.

ನನ್ನ ಕೈ ಆಗಲೇ ಮುಂದೆ ಹೋಗಿತ್ತು. ಅತ್ತೆ ಮಣಿಕಟ್ಟು ಹಿಡಿದರು. "ರಕ್ತ ಬಂದೈತಾ? ಇಲ್ಲ ತಾನೆ. ಬುಡು. ಅವು ಮಾತಾಡ್ಕತಾವೆ."

ಬಿಡಿಸಿದಷ್ಟೂ ಸಲ ಮೊದಲಿಂದ ಶುರು ಮಾಡಬೇಕಾಗುತ್ತೆ ಎಂದು ಡಾಕ್ಟರಮ್ಮನೂ ಹೇಳಿದ್ದರು. ಕೂತೆವು. ಅರ್ಧ ಗಂಟೆ, ಮುಕ್ಕಾಲು ಗಂಟೆ. ಓಟ, ಗುರುಗುಟ್ಟು, ಮತ್ತೆ ಓಟ. ನೆರಳು ಸರಿದಂತೆ ನಾವೂ ಸರಿದೆವು. ರಮೇಶ ಗಡಿಯಾರ ನೋಡಿಕೊಂಡು, ಎರಡೂ ಹೆಣ್ಣಾದರೆ ಹೀಗೇ, ಏನೂ ಮಾಡಕ್ಕಾಗಲ್ಲ, ಅಮ್ಮ ಬ್ಯಾಗ್ ಎಲ್ಲಿ, ಬಿಸಿಲೇರುವ ಮೊದಲು ಹೊರಡೋಣ ಎಂದ.

ಅತ್ತೆ ಬೇಲಿಯೊಳಗಿಂದ ಕಣ್ಣು ಕೀಳಲಿಲ್ಲ. ಟೀವಿಗೆ ಹೇಳುವ ದನಿಯಲ್ಲೇ ಹೇಳಿದರು. "ಬ್ಯಾಗ್ ಕಟ್ಟಿವ್ನಿ. ಇವಳು ಒಂದ್ ಮಾತು ಇರಿ ಅನ್ಲಿಲ್ಲ. ಅದಕ್ಕೇ ಕಟ್ಟಿವ್ನಿ."

ನನಗೆ ಸಿಟ್ಟು ಬಂತು. ಅವರ ಮೇಲೋ ನನ್ನ ಮೇಲೋ ಗೊತ್ತಿಲ್ಲ. ನಾಲ್ಕು ವರ್ಷದಿಂದ ಈ ಹೆಂಗಸು ನನ್ನ ಒಂದು ಮಾತಿಗೆ ಕಾಯುತ್ತಿತ್ತು, ನಾನು ಮುದ್ದೆ ಮೆತ್ತಗೋ ಗಟ್ಟಿಯೋ ಎಂದು ಜಗಳ ಆಡುತ್ತ ಕೂತಿದ್ದೆ. "ನಿಮ್ಮ ಮನೇಲಿ ನೀವಿರೋದಕ್ಕೆ ನನ್ನ ಕೇಳ್ತೀರಾ?" ಎಂದೆ. ಜಗಳದ ದನಿಯಲ್ಲೇ ಬಂತು ಅದು. ಸಾಲದು ಅನಿಸಿತು. "ಇರಿ ಅತ್ತೆ. ನನಗೆ ಬೇಕು ನೀವು," ಎಂದೆ.

ರಮೇಶನ ಮುಖ ಸಣ್ಣದಾಯಿತು. ಅಲ್ಲಿ ನಿನಗೇನು ಕಡಿಮೆ ಮಾಡಿದ್ದೀವಿ ಎಂದು ಕೇಳಿದ, ಜಗಳಕ್ಕಲ್ಲ, ನಿಜವಾಗಿ ತಿಳಿದುಕೊಳ್ಳಲು.

"ಏನೂ ಕಮ್ಮಿ ಮಾಡಿಲ್ಲ ಕಣಪ್ಪ," ಎಂದರು ಅತ್ತೆ. "ನಿನ್ನೆಂಡ್ತಿ ಒಳ್ಳೇಳು. ಕುಂತ್ ಕಡೀಕೆ ಕಾಪಿ ತಂದ್ಕೊಡ್ತಾಳೆ. ನಾನೇನಂದ್ರೂ ಎಲ್ರೂ ಊಂ ಅಂತೀರಾ. ಅಲ್ಲಿ ನಾನು ನೆಂಟಳು. ಇಲ್ಲಿ ನಾನು ಒಂದ್ ಲೋಟ ಎತ್ತಿ ಮಡಗಿದ್ರೂ ಇವಳು ಯಾಕೆ ಅಂತಾಳೆ. ಜಗಳಕ್ಕಾದ್ರೂ ನನ್ ಮಾತ ಒಬ್ರು ಕಿವೀಗಾಕ್ಕಬೇಕಲ್ಲ."

ಕೆಳಗೆ ರಸ್ತೆಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ನಾನು ಸೆರಗಲ್ಲಿ ಮುಖ ಒರೆಸಿಕೊಳ್ಳುತ್ತಿದ್ದೆ, ಆದ್ದರಿಂದ ಮೊದಲು ಕಂಡವಳು ನಾನಲ್ಲ, ರಮೇಶ. ಮೆಲ್ಲಗೆ, ಸದ್ದು ಮಾಡಿದರೆ ಹೆದರಿಯಾವು ಎಂಬಂತೆ, "ತಿಂತಾವೆ ನೋಡಿ," ಎಂದ.

ರಾಶಿಯ ಈ ಕಡೆ ರೋಸಿ, ಆ ಕಡೆ ಕೆಂಪಿ. ಒಂದೇ ಗರಿಕೆ ಎಳೆಯ ಎರಡು ತುದಿ ಇಬ್ಬರ ಬಾಯಲ್ಲಿತ್ತು ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಹಾಗೇನೂ ಆಗಲಿಲ್ಲ. ಇಬ್ಬರೂ ತಮ್ಮ ತಮ್ಮ ಕಡೆಯದನ್ನು ಗಬಗಬ ತಿನ್ನುತ್ತ, ಆಗಾಗ ಓರೆಗಣ್ಣಲ್ಲಿ ನೋಡಿಕೊಳ್ಳುತ್ತಿದ್ದರು. ಅಷ್ಟೇ. ಅಷ್ಟು ನನಗೆ ಧಾರಾಳವಾಗಿ ಸಾಕಾಗಿತ್ತು.

ಗೂಡನ್ನು ಬಿಸಿನೀರಲ್ಲಿ ಉಜ್ಜಿ ತೊಳೆದು, ಯಾರ ವಾಸನೆಯೂ ಇಲ್ಲದ ಹಾಗೆ ಮಾಡಿ, ಸಂಜೆ ಇಬ್ಬರನ್ನೂ ಒಟ್ಟಿಗೆ ಬಿಟ್ಟೆವು. ಎರಡು ತಟ್ಟೆ, ಎರಡು ನೀರಿನ ಬಾಟಲಿ. ರಮೇಶ ಮಧ್ಯಾಹ್ನ ಊಟ ಮಾಡಿ ಸಂಜೆಯವರೆಗೂ ಇದ್ದ. ಹೊರಡುವ ಮೊದಲು ತಾಯಿಯ ಬ್ಯಾಗನ್ನು ತಾನೇ ಎತ್ತಿ ಬೀರುವಿನ ಮೇಲಿಟ್ಟ. ಹದಿನೈದು ದಿನಕ್ಕೆ ಮತ್ತೆ ಬಂದಾಗ ಅವನ ಶೆಡ್ಡಿನಲ್ಲೇ ವೆಲ್ಡ್ ಮಾಡಿಸಿದ ದೊಡ್ಡ ಗೂಡು ತಂದಿದ್ದ. ನಾಲ್ಕಡಿ ಉದ್ದ, ಅಂಚೆಲ್ಲ ಉಜ್ಜಿ ನುಣುಪು ಮಾಡಿದ್ದ. ನನ್ನ ಟೇಬಲ್ಲಿಗೆ ಬಂದಿದ್ದರೆ ಹಸಿರು ಕ್ರೇಟಿಗೆ ಹಾಕುವಂಥ ಕೆಲಸ. ಜಾಗ ಸಾಕಾಗದೆ ಜಗಳ ಆಡ್ತಿದ್ವು ಅನ್ಸುತ್ತೆ ಅತ್ತಿಗೆ ಎಂದ. ಎರಡು ಹೆಣ್ಣು ಎನ್ನಲಿಲ್ಲ. ಅದನ್ನು ನಾನು ಗಮನಿಸಿದೆ.

ರೋಸಿ ಕೆಂಪಿ ಈಗಲೂ ಅಂಟಿಕೊಂಡು ಮಲಗುವ ಗೆಳತಿಯರಲ್ಲ. ನಡುವೆ ಒಂದು ಗೇಣು ಬಿಟ್ಟೇ ಮಲಗುವುದು. ಸೌತೆಕಾಯಿ ಬಂದ ದಿನ ಹಲ್ಲಿನ ಸದ್ದು ಕೇಳುತ್ತೆ. ಆದರೆ ಒಬ್ಬಳನ್ನು ಗೂಡು ತೊಳೆಯಲು ಎತ್ತಿ ಹೊರಗಿಟ್ಟರೆ ಇನ್ನೊಬ್ಬಳು ಜಾಲರಿಗೆ ಮೂಗು ಒತ್ತಿ ಕೂಗುತ್ತಾಳೆ. ಅಂಗಡಿಯವನಿಗೆ ಇದನ್ನು ಹೇಳಲೆಂದೇ ಒಂದು ದಿನ ಬಸ್ಸಿಳಿದು ಹೋದೆ. ಅವನಿಗೆ ನಾನು ಯಾರೆಂದೇ ನೆನಪಿರಲಿಲ್ಲ. ಆದರೂ ಹೇಳಿಯೇ ಬಂದೆ.

ಕಳೆದ ತಿಂಗಳು ಅತ್ತೆಯ ಕಡೆಯವರ ಒಂದು ಮದುವೆಗೆ ಮಾಗಡಿಗೆ ಹೋಗಿದ್ದೆವು. ಹನ್ನೊಂದನೇ ದಿನ ಮೂರು ತಿಂಗಳ ಲೆಕ್ಕ ಹೇಳಿದ್ದ ಹೆಂಗಸೂ ಅಲ್ಲಿದ್ದರು. ಊಟದ ಸಾಲಿನಲ್ಲಿ ಅತ್ತೆಯ ಪಕ್ಕ ಕೂತು, ನನಗೆ ಕೇಳಿಸಬಾರದು ಎಂಬಷ್ಟು ಮೆಲ್ಲಗೆ, ಆದರೆ ಕೇಳಿಸುವ ಹಾಗೆ, ಸೊಸೆ ಚೆನ್ನಾಗಿ ನೋಡಿಕೊಳ್ತಾಳಾ ಎಂದು ಕೇಳಿದರು. ಅತ್ತೆ ಬಾಯಲ್ಲಿದ್ದ ತುತ್ತು ನುಂಗಿ, ಸಾಲಿನ ಆ ತುದಿಗೂ ತಲುಪುವ ಹಾಗೆ ಹೇಳಿದರು. "ನೋಡ್ಕಳಕ್ಕೆ ನಾನೇನ್ ಗಿನಿ ಪಿಗ್ಗಾ? ನಾವಿಬ್ರೂ ಒಂದ್ ಮನೇಲಿ ಇದ್ದೀವಿ, ಅಷ್ಟೇ."

ಬಡಿಸುವವನೂ ನಿಂತು ನೋಡಿದ. ಆ ಹೆಂಗಸು ಏನು ಪಿಗ್ಗು ಎಂದು ಪಕ್ಕದವರನ್ನು ಕೇಳಿದರು, ಅವರಿಗೂ ಗೊತ್ತಿರಲಿಲ್ಲ. ಎಲ್ಲರೂ ನಮ್ಮಿಬ್ಬರ ಮುಖ ನೋಡುತ್ತಿದ್ದರು. ಬಿಡಿಸಿ ಹೇಳುವ ಗೋಜಿಗೆ ನಾನೂ ಹೋಗಲಿಲ್ಲ, ಅತ್ತೆಯೂ ಹೋಗಲಿಲ್ಲ. ಇಬ್ಬರೂ ಇನ್ನೊಂದು ಸಲ ಪಾಯಸ ಹಾಕಿಸಿಕೊಂಡೆವು.